ದೊರೆಯ ಹೊಟ್ಟೆಯ ಕಾವಲು

ಸರಕಾರಿ ಕ್ಯಾಂಪಿಗೆ ಹೊರಟವನಿಗೆ ಪಜೀತಿ ತಪ್ಪಿದ್ದಲ್ಲ. ಜೊತೆಗೊಬ್ಬ ಬಿಳಿ ದೊರೆ ಇದ್ದರಂತೂ ಊರಿಗೊಂದು ಪಜೀತಿ. ಇದು ಯುದ್ಧಕ್ಕೆ ಮುಂಚಿನ ಮಾತು. ನಮ್ಮ ಕಡೆಯ ಕೆರೆಗಳನ್ನು ನೋಡಿ ವರದಿ ಬರೆಯಲು ವಿಲಾಯತಿಯಿಂದ ಒಬ್ಬ ದೊರೆ ಬಂದ. ಆಗ ನಾನು ಕೆರೆ ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ಅಷ್ಟಿಷ್ಟು ಇಂಗ್ಲಿಷ್ ಬರುತ್ತಿದ್ದ ತಪ್ಪಿಗೆ ನನ್ನನ್ನು ದುಭಾಷಿ ಮಾಡಿ ಅವನಿಗೆ ಗಂಟುಹಾಕಿದರು.

ಹೊರಡುವಾಗ ನಮ್ಮ ಇಂಜಿನಿಯರ್ ಸಾಹೇಬರು ಒಂದೇ ಮಾತು ಹೇಳಿದರು: "ನೋಡಯ್ಯಾ, ದೊರೆ ಹೊಟ್ಟೆ ಕೆಡಿಸ್ಕೊಳ್ಳದೆ ಜಗಳೂರು ಮುಟ್ಟಿದ್ರೆ ನಿನ್ನ ಕೆಲಸ ಖಾಯಂ. ಕೆಟ್ಟರೆ ನೀನು ಕಚೇರಿಗೆ ಬರಾದೇ ಬ್ಯಾಡ."

ನನಗಾಗಲೇ ಹೆಣ್ಣು ಗೊತ್ತಾಗಿತ್ತು. ಕೆಲಸ ಖಾಯಂ ಆದಮೇಲೆಯೇ ಮುಹೂರ್ತ ಎಂದು ಹೆಣ್ಣಿನ ಅಪ್ಪ ಪಟ್ಟು ಹಿಡಿದು ಕೂತಿದ್ದರು. ಹೀಗೆ ನನ್ನ ಮದುವೆ ಆ ದೊರೆಯ ಹೊಟ್ಟೆಯಲ್ಲಿತ್ತು.

೧. ಪಟೇಲರ ಸಾಕ್ಷಿ

ನಾನು ಜಾಣತನ ಮಾಡಿ ಊರೂರಿಗೂ ಮುಂಚೆಯೇ ಹೇಳಿಕಳಿಸಿದ್ದೆ: ಖಾರ ಬೇಡ, ಎಣ್ಣೆ ಬೇಡ, ಬೇಯಿಸಿದ ಮೊಟ್ಟೆ ಸಾಕು. ಚನ್ನಗಿರಿಯಲ್ಲಿ ಮೊಟ್ಟೆ ಆಯಿತು. ಕೆರೆಬಿಳಚಿಯ ಪಟೇಲರು ಮಾತ್ರ ಲಿಂಗ ಕಟ್ಟಿದವರು. "ನಮ್ಮ ಹೊಸ್ತಿಲೊಳಗೆ ಮೊಟ್ಟೆ ಬರಂಗಿಲ್ರಿ. ಹಂಗಂತ ದೊರೆ ಉಪಾಸ ಇರಾಕೂ ಬಿಡಂಗಿಲ್ಲ," ಎಂದು ಊರಾಚೆ ಒಲೆ ಹೂಡಿಸಿ, ಹೊತ್ತಿಗೊಂದು ಡಜನ್ ಬೇಯಿಸಿ ಕಳಿಸಿದರು.

ಸೂಳೆಕೆರೆಯ ಏರಿಯ ಮೇಲೆ ನಿಂತು ಆ ನೀರನ್ನು ನೋಡಿ ದೊರೆ ಟೋಪಿ ತೆಗೆದ. ಸಂಜೆ ನೋಟ್‌ಬುಕ್ ಬಿಚ್ಚಿ, "ಕೆರೆ ಅದ್ಭುತ. ಜನರ ಆಹಾರ ಬೇಯಿಸಿದ ಮೊಟ್ಟೆ," ಎಂದು ಬರೆದ. ನಿಜವೋ ಅಲ್ಲವೋ ಪಟೇಲರನ್ನೇ ಕೇಳು ಎಂದ. ಕೇಳಿದೆ. ಮೊಟ್ಟೆಯ ವಾಸನೆಗೆ ಮೂಗು ಮುಚ್ಚಿದ್ದ ಹೆಗಲ ವಲ್ಲಿಯನ್ನು ತೆಗೆಯದೆಯೇ ಪಟೇಲರು ಕೈ ಮುಗಿದರು: "ದೊರೆಗಳು ಬರೆದ ಮ್ಯಾಲೆ ಹೌದೇ ಹೌದು ಬಿಡ್ರಿ."

೨. ಹರಿಗೋಲಿನಲ್ಲಿ ಭಕ್ತಿ

ಹೊನ್ನಾಳಿಯಲ್ಲಿ ಹೊಳೆ ದಾಟಲು ಹರಿಗೋಲು. ನಡುಹೊಳೆಯಲ್ಲಿ ಅದು ಗಿರ್ರನೆ ತಿರುಗಿತು. ದೊರೆಗೆ ಮಕ್ಕಳಿಗಾಗುವಷ್ಟು ಖುಷಿ. ಆಚೆ ದಡದ ಚೆಂದ ನೋಡಲು ಎದ್ದೇ ನಿಂತ. ಅಂಬಿಗ ಕೂಗಿಕೊಂಡ: "ಏ ಕುಂದರಾಕೆ ಹೇಳ್ರೀ! ಮಗುಚಿಕೊಂತೈತೆ!"

ಹೆದರಿಕೆಗೆ ನನಗೆ ಇಂಗ್ಲಿಷೇ ಮರೆತುಹೋಯಿತು. ದೊರೆಯ ಎರಡೂ ಕಾಲುಗಳನ್ನು ಅಪ್ಪಿ ಹಿಡಿದು ಶಿವ ಶಿವಾ ಎನ್ನುತ್ತ ಕಣ್ಣು ಮುಚ್ಚಿದೆ. ದಡ ಮುಟ್ಟಿದಮೇಲೆ, ಬದುಕಿದೆಯಾ ಬಡಜೀವವೇ ಎಂದು ಕಣ್ಣು ಬಿಟ್ಟರೆ ದೊರೆ ನನ್ನ ಭುಜ ಹಿಡಿದು ಎಬ್ಬಿಸುತ್ತಿದ್ದ. "ನಿಮ್ಮ ದೇಶದಲ್ಲಿ ಹಿರಿಯರ ಕಾಲಿಗೆ ಬೀಳುತ್ತಾರೆಂದು ಕೇಳಿದ್ದೆ. ಆದರೆ ಇಷ್ಟು ಹೊತ್ತು ಬೀಳುತ್ತಾರೆಂದು ಗೊತ್ತಿರಲಿಲ್ಲ," ಎಂದ.

೩. ರೊಟ್ಟಿ ಕಳ್ಳ

ನ್ಯಾಮತಿಯ ಸಂತೆಯಲ್ಲಿ ದೊರೆ ಮೆಣಸಿನಕಾಯಿ ಬಜ್ಜಿಯ ಬಾಣಲೆ ಮುಂದೆ ಬೇರು ಬಿಟ್ಟು ನಿಂತ. ನಾನು ಇಲ್ಲದ ಕೆರೆಯೊಂದನ್ನು ಹೇಳಿ ಎಳೆದುಕೊಂಡು ಬಂದೆ. ಡೇರೆಯಲ್ಲಿ ಮತ್ತೆ ಮೊಟ್ಟೆ.

ಆದರೆ ನನಗೊಂದು ತಲೆನೋವಿತ್ತು. ಕ್ಯಾಂಪಿಗೆಂದು ಅವ್ವ ಕಟ್ಟಿಕೊಟ್ಟಿದ್ದ ಖಡಕ್ ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ ದಿನದಿನಕ್ಕೆ ಕರಗುತ್ತಿದ್ದವು. ಕ್ಯಾಂಪಿಗೆ ಜೊತೆಗೆ ಬಂದಿದ್ದ ಮುದಿ ಜವಾನನನ್ನು ದಬಾಯಿಸಿದೆ. "ನನ್ನಾಣೆ, ನಾ ಮುಟ್ಟಿಲ್ರಿ. ಹಲ್ಲೇ ಇಲ್ಲ, ಆ ರೊಟ್ಟಿ ಹೆಂಗೆ ತಿನ್ಲಿ?" ಎಂದು ಬಾಯಿ ತೆರೆದು ತೋರಿಸಿದ.

ಮಧ್ಯಾಹ್ನ ಕಟುಂ ಕಟುಂ ಸದ್ದು ಕೇಳಿ ದೊರೆಯ ಡೇರೆಯ ಪರದೆ ಸರಿಸಿದರೆ, ತೊಡೆಯ ಮೇಲೆ ನನ್ನ ಬುತ್ತಿ, ಕಣ್ಣು ಮೂಗಿನಲ್ಲಿ ನೀರು, ಮುಖ ಕೆಂಪು ಕೆಂಪು. "ಕ್ಷಮಿಸು. ಇನ್ನೊಂದು ಮೊಟ್ಟೆ ತಿಂದರೆ ನಾನು ಕೋಳಿಯಂತೆ ಕೂಗತೊಡಗುತ್ತೇನೆ," ಎಂದ.

"ಎಂದಿನಿಂದ ತಿನ್ನುತ್ತಿದ್ದೀರಿ?"

"ಕೆರೆಬಿಳಚಿಯಿಂದ."

ಲೆಕ್ಕ ಹಾಕಿದೆ, ಒಂಬತ್ತು ದಿನ! ಒಂಬತ್ತು ದಿನ ಅಷ್ಟು ಖಾರ ತಿಂದೂ ಆಸಾಮಿ ಗುಂಡುಕಲ್ಲಿನಂತಿದ್ದ. ಎದೆಯ ಮೇಲಿನ ಭಾರ ಇಳಿದು ಅಲ್ಲೇ ಕುಸಿದು ಕೂತೆ. ಸುಧಾರಿಸಿಕೊಂಡು ನೋಡುವಷ್ಟರಲ್ಲಿ ಕೊನೆಯ ರೊಟ್ಟಿಯೂ ಮುಗಿದಿತ್ತು.

೪. ಕಂಬಳಿಯೊಳಗಿನ ರೋಗಿ

ಅಂದಿನಿಂದ ನಮ್ಮ ಊಟ ಅದಲುಬದಲು. ಊರವರ ಅಡುಗೆ ದೊರೆಗೆ. ಅವನ ಹೆಸರಿನಲ್ಲಿ ಬರುತ್ತಿದ್ದ ಮೊಟ್ಟೆಯನ್ನು ಯಾಕೆ ದಂಡ ಮಾಡಬೇಕೆಂದು ನಾನೇ ತಿಂದೆ. ಜಗಳೂರಿಗೆ ಒಂದು ಹೆಜ್ಜೆ ಇರುವಾಗ, ಬಿಳಿಚೋಡಿನಲ್ಲಿ ನನ್ನ ಹೊಟ್ಟೆ ಕೈಕೊಟ್ಟಿತು. ಬೆಳಗಿನಿಂದ ತಂಬಿಗೆ ಕೆಳಗಿಡಲಿಲ್ಲ. ದೊರೆ ಕನಿಕರಪಟ್ಟು ತನ್ನ ಮಂಚದ ಮೇಲೆ ಮಲಗಿಸಿ, ತನ್ನ ವಿಲಾಯತಿ ಕಂಬಳಿ ಮುಸುಕು ಹೊದಿಸಿ, ಗೌಡರ ಮನೆಗೆ ಊಟಕ್ಕೆ ಹೋದ.

ಕ್ಯಾಂಪಿನಲ್ಲಿ ವಾಂತಿಭೇದಿ ಎಂದು ಬಸ್ಸಿನವನ ಬಾಯಲ್ಲಿ ಜಗಳೂರಿಗೆ ಸುದ್ದಿ ಮುಟ್ಟಿತು. ದೊರೆಗಾಗಿ ಅಲ್ಲೇ ಕಾಯುತ್ತಿದ್ದ ಇಂಜಿನಿಯರ್ ಸಾಹೇಬರು ಡಾಕ್ಟರನ್ನು ಮೋಟಾರಿಗೆ ಹಾಕಿಕೊಂಡು ಧಾವಿಸಿದರು. ಡೇರೆಗೆ ನುಗ್ಗಿದವರೇ ಕಂಬಳಿಗೆ ಬಗ್ಗಿ ನಮಸ್ಕರಿಸಿ, ಎಲ್ಲ ತಪ್ಪೂ ಗುಮಾಸ್ತನದು, ಆ ಅಯೋಗ್ಯನನ್ನು ಇವತ್ತೇ ಮನೆಗೆ ಕಳಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಗೋಗರೆದರು. ಒಳಗಿದ್ದ ಅಯೋಗ್ಯನಿಗೆ ಮುಸುಕು ತೆಗೆಯುವ ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಬೆರಳು ಚೀಪುತ್ತ ದೊರೆ ಒಳಗೆ ಬಂದ. "ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಿಮಗೆ ಗೊತ್ತೆ?" ಎಂದು ಸಾಹೇಬರಿಗೆ ಪಾಠ ಹೇಳಿದ. ಸಾಹೇಬರು ಅವನನ್ನು ನೋಡಿದರು, ಕಂಬಳಿಯನ್ನು ನೋಡಿದರು, ಮೆಲ್ಲಗೆ ಮುಸುಕು ಎತ್ತಿದರು.

"ಅಯ್ಯೋ, ನೀನಾ!" ಅವರ ಮುಖ ಅರಳಿತು. "ನಾನೆಲ್ಲೋ ದೊರೇನೇ ಅಂದ್ಕೊಂಡು ಸತ್ತೇಹೋಗಿದ್ದೆ ಕಣಯ್ಯಾ! ನಿನ್ನ ಕೆಲಸ ಖಾಯಂ, ಹೋಗು!"

ಸತ್ತು ಹುಟ್ಟಿದಂತಾಯಿತು. ಮಲಗಿದ್ದಲ್ಲಿಂದಲೇ ಕೈ ಮುಗಿದೆ. ಸಾಹೇಬರು ನಿರಾಳವಾಗಿ ನಗುತ್ತ ಮೋಟಾರು ಹತ್ತಿದರು. ಆ ಸಂತೋಷದಲ್ಲಿ ಡಾಕ್ಟರನ್ನೂ ವಾಪಸು ಕರೆದುಕೊಂಡು ಹೋದರು.