ಮೇಷ್ಟ್ರ ಬಲಗಾಲು

ಎದುರು ಮನೆಯ ಡ್ರೈವಿಂಗ್ ಮೇಷ್ಟ್ರಿಗೆ ಬಲಗಾಲಿನಲ್ಲಿ ಏನೋ ನರದ ತೊಂದರೆಯಿದೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ನಂಬದೆ ಏನು ಮಾಡಲಿ? ಟೀವಿ ನೋಡುತ್ತ ಕೂತಿರುತ್ತಾರೆ, ಯಾರೋ ರಸ್ತೆ ದಾಟುವ ದೃಶ್ಯ ಬರುತ್ತದೆ, ಮೇಷ್ಟ್ರ ಬಲಗಾಲು ಧಡಕ್ಕನೆ ನೆಲವನ್ನು ಅದುಮುತ್ತದೆ. ಕ್ಷೌರದ ಅಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೆ ಅದುಮುತ್ತದೆ. ಹೆಂಡತಿ "ನಮ್ಮ ತಮ್ಮ ಹೇಳ್ತಿದ್ದ..." ಎಂದು ಶುರು ಮಾಡಿದರಂತೂ ಬಲಗಾಲಿನ ಹಿಂದೆಯೇ ಎಡಗಾಲೂ ಅದುಮುತ್ತದೆ! ಪಾಪ, ಇಷ್ಟು ಬೇಗ ಹೀಗಾಯಿತಲ್ಲ ಎಂದು ಮರುಗಿ, ನನಗೆ ಗೊತ್ತಿದ್ದ ಒಂದು ಎಣ್ಣೆಯ ಹೆಸರನ್ನು ಅವರ ಹೆಂಡತಿಗೆ ಹೇಳಿದೆ. ಆಕೆ ಔಷಧಿ ಅಂಗಡಿ ನಡೆಸುವವರು.

"ಇದಕ್ಕೆ ಎಣ್ಣೆ ಇಲ್ಲ ಸಾರ್," ಎಂದರು. "ಇದು ರೋಗ ಅಲ್ಲ, ಉದ್ಯೋಗ."

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲ ಬುಡದಲ್ಲಿ ಇರುವಂತೆಯೇ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಮೇಷ್ಟ್ರ ಅರ್ಧ ಆಯುಷ್ಯ ಆ ಎರಡು ಪೆಡಲುಗಳ ಮೇಲೆಯೇ ಸವೆದಿತ್ತು. ಅಪಾಯ ಕಂಡರೆ ಬಲಗಾಲು, ಎಡಗಾಲು. ಇನ್ನೂ ಅಪಾಯ ಕಂಡರೆ ಮತ್ತೆ ಬಲಗಾಲು, ಎಡಗಾಲು. ಮೇಷ್ಟ್ರಿಗೆ ಎಲ್ಲೆಲ್ಲೂ ಅಪಾಯವೇ ಕಾಣುತ್ತಿದ್ದುದರಿಂದ ಊರಿನವರು ಪ್ರೀತಿಯಿಂದ ಅವರಿಗೆ ಬ್ರೇಕ್ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು.

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಈ ಮಹಾನುಭಾವರ ಮನೆಯಲ್ಲೇ ಒಬ್ಬರು ಕಲಿಯದೆ ಉಳಿದಿದ್ದರು. ಅವರ ಹೆಂಡತಿ. ಅಂದರೆ ಆಕೆಗೆ ಬರುತ್ತಿರಲಿಲ್ಲವೆಂದಲ್ಲ. ಗೇರ್ ಹಾಕುತ್ತಿದ್ದರು, ಕ್ಲಚ್ ಬಿಡುತ್ತಿದ್ದರು, ಕಾರು ಇನ್ನೇನು ಗೇಟು ದಾಟಬೇಕು, ಅಷ್ಟರಲ್ಲಿ ಪಕ್ಕದ ಸೀಟಿನಿಂದ ಬಲಗಾಲು, ಎಡಗಾಲು! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೀಗಾಗಿ ಆಕೆ ದಿನವೂ ಅಂಗಡಿಯ ಬಾಗಿಲು ಹಾಕಿ, ಮೇಷ್ಟ್ರ ಕೊನೆಯ ಪಾಠ ಮುಗಿದು ಕಾರು ಬರುವವರೆಗೆ ಮೆಟ್ಟಿಲ ಮೇಲೆ ಕೂತಿರಬೇಕಾಗಿತ್ತು.

ಒಂದು ಭಾನುವಾರ ಆಕೆಯ ತಮ್ಮ ಬಂದ. ಹಲ್ಲಿನ ಡಾಕ್ಟರು. ಮೈಯೆಲ್ಲ ಕೆಸರು, ಮುಖದ ತುಂಬ ನಗು. ಊರಾಚೆಯ ಗುಡ್ಡದ ನೆತ್ತಿಯಿಂದ ಬುಡದವರೆಗೆ ಸೈಕಲ್ಲಿನಲ್ಲಿ ಇಳಿದು ಬಂದಿದ್ದನಂತೆ. ಅದಕ್ಕೆಂದೇ ದಾರಿ ಕಡಿದಿದ್ದಾರೆ, ತಿರುವು ಕಟ್ಟಿದ್ದಾರೆ, ಉಬ್ಬು ತಗ್ಗು ಮಾಡಿಟ್ಟಿದ್ದಾರೆ.

"ಇದೇನು ಹುಚ್ಚೋ ನಿಂದು?" ಎಂದರು ಮೇಷ್ಟ್ರು. ಆ ಹೊತ್ತಿಗೇ ಅವರ ಬಲಗಾಲು ನೆಲ ಅದುಮುತ್ತಿತ್ತು.

"ನಿಮಗೆ ಆಗಲ್ಲ ಬಿಡಿ ಭಾವ. ಅದಕ್ಕೆ ಧೈರ್ಯ ಬೇಕು."

"ಧೈರ್ಯವೇ? ಲೋ, ಬ್ರೇಕಿಗೂ ಆಕ್ಸಿಲರೇಟರಿಗೂ ವ್ಯತ್ಯಾಸ ತಿಳೀದ ಜನರ ಪಕ್ಕದಲ್ಲಿ ದಿನಾ ಕೂರೋನು ಕಣೋ ನಾನು! ನನಗೆ ಧೈರ್ಯದ ಪಾಠ ಹೇಳ್ತೀಯಾ?"

"ಕೂರ್ತೀರಿ, ಆದರೆ ಬ್ರೇಕ್ ಮೇಲೆ ಕೂರ್ತೀರಿ," ಎಂದರು ಹೆಂಡತಿ ಅಡುಗೆಮನೆಯಿಂದ.

ಮೇಷ್ಟ್ರು ಎದ್ದು ನಿಂತರು. ಎಡಗೈ ಸೊಂಟದ ಮೇಲೆ, ಬಲಗೈ ಆಕಾಶಕ್ಕೆ. "ಕೇಳಿಸಿಕೋ! ಮುಂದಿನ ತಿಂಗಳೊಳಗೆ ಆ ಗುಡ್ಡ ಇಳೀತೀನಿ. ಒಂದೇ ಒಂದು ಸಲವೂ ಬ್ರೇಕ್ ಹಾಕದೆ ಇಳೀತೀನಿ!"

ಅಡುಗೆಮನೆಯ ನಲ್ಲಿ ತಟ್ಟನೆ ನಿಂತಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಹಾಗೆ ಇಳಿದ್ರೆ ನಾನು ಜನ್ಮದಲ್ಲಿ ಸ್ಟೀರಿಂಗ್ ಹೆಸರೆತ್ತಲ್ಲ ಕಣ್ರೀ. ಒಂದು ಸಲ ಬ್ರೇಕ್ ಹಾಕಿದ್ರೂ ಕಾರಿನ ಕೀ ನನ್ನ ಕೈಗೆ ಬರಬೇಕು. ನೀವು ಹಿಂದಿನ ಸೀಟಿಗೆ ಹೋಗಬೇಕು."

ಹಿಂದಿನ ಸೀಟು! ಅಲ್ಲಿ ಪೆಡಲು ಇರುವುದಿಲ್ಲ! ಆದರೆ ಭಾವಮೈದುನನ ಎದುರು ಎತ್ತಿದ ಕೈಯನ್ನು ಇಳಿಸುವುದು ಹೇಗೆ?

"ಒಪ್ಪಿದೆ!" ಎಂದರು.

ಮಾರನೆಯ ದಿನವೇ ಮೂವರೂ ಸೈಕಲ್ ಅಂಗಡಿಗೆ ಹೋದರು. ಬಾಡಿಗೆಗೂ ಕೊಡುವ ಅಂಗಡಿ. ಮೇಷ್ಟ್ರು ಕಾರು ಪರೀಕ್ಷಿಸುವ ಗತ್ತಿನಲ್ಲೇ ಒಂದೊಂದು ಸೈಕಲ್ಲಿಗೂ ಪ್ರದಕ್ಷಿಣೆ ಹಾಕಿದರು.

"ಕನ್ನಡಿ ಎಲ್ಲಿ?"

"ಇರಲ್ಲ ಸಾರ್," ಎಂದಳು ಅಂಗಡಿಯಾಕೆ.

"ಹಾರ್ನು?"

"ಇರಲ್ಲ."

"ಇಂಡಿಕೇಟರ್ರು? ಸ್ಟ್ಯಾಂಡು? ಹೋಗಲಿ, ಸೀಟಾದರೂ ಯಾಕಮ್ಮ ಇಷ್ಟು ಕೆಳಗಿದೆ?"

"ಇಳಿಯೋವಾಗ ಅದರ ಮೇಲೆ ಕೂರಲ್ಲ ಸಾರ್. ಪೆಡಲ್ ಮೇಲೆ ನಿಂತಿರಬೇಕು."

"ಕೂರೋಕಲ್ಲದ ಸೀಟು ಯಾವ ಪುರುಷಾರ್ಥಕ್ಕೆ?" ಎಂದು ಮೇಷ್ಟ್ರು ನಕ್ಕರು. ತಾವೊಬ್ಬರೇ ನಕ್ಕರು.

ಅಂಗಡಿಯಾಕೆ ಅವರ ಎತ್ತರ ನೋಡಿ, ಹೊಟ್ಟೆಯನ್ನೂ ಒಂದು ಸಲ ನೋಡಿ, ಮುಂದಿನ ಚಕ್ರಕ್ಕೆ ಮಾತ್ರ ಶಾಕ್ ಅಬ್ಸಾರ್ಬರ್ ಇದ್ದ ಒಂದು ಸಾಧು ಸೈಕಲ್ಲನ್ನು ಎಳೆದಳು. "ಹೊಸಬರಿಗೆ ಇದು ಸಾಕು. ಹಗುರ ಇದೆ, ನೆಲ ಹೇಗಿದೆ ಅಂತ ಕೈಗೆ ಕಾಲಿಗೆ ತಿಳಿಯತ್ತೆ. ಬ್ರೇಕ್ ಹ್ಯಾಂಡಲಲ್ಲೇ ಇದೆ, ಒಂದು ಬೆರಳು ಸಾಕು."

"ಬೆರಳೇ? ಬ್ರೇಕ್ ಅನ್ನೋದು ಕಾಲಿನ ಕೆಲಸ ತಾಯಿ. ಬೆರಳಲ್ಲಿ ಒತ್ತೋದು ಕಾಲಿಂಗ್ ಬೆಲ್!"

ಅಷ್ಟರಲ್ಲಿ ಅವರ ಕಣ್ಣು ಮೂಲೆಗೆ ಬಿತ್ತು. ಅಲ್ಲೊಂದು ಸೈಕಲ್ ನಿಂತಿತ್ತು. ಸೈಕಲ್ ಎಂದರೆ ಅದಕ್ಕೆ ಅವಮಾನ! ಮೋಟಾರ್ ಸೈಕಲ್ಲಿಗಿರುವಂಥ ದಪ್ಪ ಮುಂಗಾಲುಗಳು, ಹಿಂದೆಯೂ ಸ್ಪ್ರಿಂಗು, ಮೊಸಳೆಯ ಬೆನ್ನಿನಂಥ ಟೈರು.

"ಅದು ಬೇಡ ಸಾರ್. ಅದು ಪಂದ್ಯದವರದ್ದು. ಕಲ್ಲು, ಗುಂಡಿ, ಏನೇ ಬರಲಿ ನುಂಗಿಕೊಂಡು ಹೋಗತ್ತೆ. ಸೈಕಲ್ ಸವಾರನಿಗೆ ತಕ್ಕ ಹಾಗಿರಬೇಕು. ಅದಕ್ಕೆ ನಿಮಗಿಂತ ಧೈರ್ಯ ಜಾಸ್ತಿ."

ಇದನ್ನು ಕೇಳಿದ ಮೇಲೆ ಬೇರೆ ಸೈಕಲ್ ಮುಟ್ಟುವುದುಂಟೆ? ಮೇಷ್ಟ್ರು ಅದನ್ನೇ ಮನೆಗೆ ತಂದರು.

ಮೊದಲ ತಾಲೀಮು ನಮ್ಮ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ಇಳಿಜಾರಿನಲ್ಲಿ ನಡೆಯಿತು. ಮೇಲಿಂದ ಹೊರಟಾಗ ಮೇಷ್ಟ್ರು ರಾಜಗಾಂಭೀರ್ಯದಲ್ಲಿದ್ದರು. ನಡುವೆ ಒಂದು ಕೂಗು ಕೇಳಿಸಿತು. ಕೆಳಗೆ ತಲುಪಿದ್ದು ಮಾತ್ರ ನಮ್ಮ ಮನೆಯ ಎರಡು ಮಂಚದ ಹೊದಿಕೆ, ಅವು ಒಣಗುತ್ತಿದ್ದ ಹಗ್ಗ, ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿ ಮತ್ತು ಅವೆಲ್ಲದರ ನಡುವೆ ಎಲ್ಲೋ ಮೇಷ್ಟ್ರು. ಪುಣ್ಯಕ್ಕೆ ಕುರ್ಚಿಯಲ್ಲಿ ಕಾವಲುಗಾರ ಇರಲಿಲ್ಲ.

ಹೊದಿಕೆಯೊಳಗಿಂದ ಧ್ವನಿ ಬಂತು: "ಬ್ರೇಕ್ ಹಿಡೀತಿಲ್ಲ! ಬ್ರೇಕ್ ಕೆಟ್ಟಿದೆ!"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸೈಕಲ್ಲನ್ನು ಅಂಗಡಿಗೆ ಒಯ್ದಾಗ ಅಂಗಡಿಯಾಕೆ ಅದನ್ನು ತಲೆಕೆಳಗು ಮಾಡಿ ಪರೀಕ್ಷಿಸಿದಳು. "ಎಲ್ಲಾ ಸರಿ ಇದೆ ಸಾರ್. ಬ್ರೇಕಿನ ಪ್ಯಾಡ್ ಹೊಸದರ ಹಾಗೇ ಇದೆ. ಇದನ್ನ ಯಾರೂ ಮುಟ್ಟೇ ಇಲ್ಲ."

"ಮುಟ್ಟಿಲ್ಲವೇ! ಪ್ರಾಣ ಹೋಗೋ ಹಾಗೆ ಅದುಮಿದ್ದೀನಿ ಕಣಮ್ಮ!"

ಪಕ್ಕದಲ್ಲಿದ್ದ ಹೆಂಡತಿ ಗಂಡನ ಕಾಲನ್ನೊಮ್ಮೆ, ಬ್ರೇಕಿನ ಹಿಡಿಯನ್ನೊಮ್ಮೆ ನೋಡಿದರು.

ಕೊನೆಗೂ ಆ ದಿನ ಬಂತು. ಗುಡ್ಡದಲ್ಲಿ ಹವ್ಯಾಸಿಗಳ ಪಂದ್ಯ. ಬುಡದಲ್ಲಿ ಜನ, ಮೈಕು, ಸವಾರರು ಗುದ್ದಿದರೂ ಮೂಳೆ ಮುರಿಯದಿರಲೆಂದು ಜೋಡಿಸಿಟ್ಟ ಹುಲ್ಲಿನ ಮೂಟೆಗಳು. ಹಲ್ಲಿನ ಡಾಕ್ಟರು ಭಾವನ ಹೆಸರನ್ನು ಎಲ್ಲಕ್ಕಿಂತ ಸುಲಭವಾದ ದಾರಿಗೆ ಬರೆಸಿದ್ದ.

ಸೈಕಲ್ಲು ಗುಡ್ಡದ ನೆತ್ತಿಗೆ ಒಯ್ಯುವ ಗಾಡಿ ಹತ್ತುವ ಮುನ್ನ ಹೆಂಡತಿ ಕೈಚೀಲದಿಂದ ತೆಳ್ಳನೆಯ ಎರಡು ಕಾಗದದ ಪಟ್ಟಿ ತೆಗೆದು, ಎರಡೂ ಬ್ರೇಕಿನ ಹಿಡಿಗಳಿಗೆ ಅಂಟಿಸಿದರು. ಔಷಧಿ ಬಾಟಲಿಯ ಮುಚ್ಚಳಕ್ಕೆ ಅಂಟಿಸುವಂಥದ್ದು. ಬೆರಳು ಸೋಕಿದರೆ ಹರಿಯುತ್ತದೆ.

"ಏನೇ ಇದು?"

"ಸೀಲು. ಸೀಲು ಒಡೆದ ಮಾಲನ್ನ ನಮ್ಮ ಅಂಗಡೀಲಿ ವಾಪಸ್ ತಗೊಳಲ್ಲ." ಆಮೇಲೆ ಸ್ವಲ್ಪ ಮೆಲ್ಲಗೆ, "ರೀ, ತೀರಾ ಹೆದರಿಕೆ ಆದ್ರೆ ಹರೀರಿ. ಕಾರು ಎಲ್ಲೂ ಓಡಿಹೋಗಲ್ಲ," ಎಂದರು.

"ಹೆದರಿಕೆ! ನನಗೆ!" ಎಂದು ಮೇಷ್ಟ್ರು ಹೆಲ್ಮೆಟ್ಟು ಹಾಕಿಕೊಂಡರು. ಹಿಂದುಮುಂದಾಗಿತ್ತು. ಭಾವಮೈದುನ ತಿರುಗಿಸಿದ.

ಗುಡ್ಡದ ನೆತ್ತಿಯಲ್ಲಿ ನಿಂತು ಕೆಳಗೆ ನೋಡಿದಾಗ ಮೇಷ್ಟ್ರಿಗೆ ತಿಳಿದದ್ದು ಒಂದೇ ಸತ್ಯ: ಇಳಿಜಾರು ಕೆಳಗಿನಿಂದ ನೋಡಿದಷ್ಟು ಇಳಿಜಾರಾಗಿರುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚು ಇಳಿಜಾರಾಗಿರುತ್ತದೆ! ಸೀಟಿ ಊದಿದರು. ಹಿಂದಿನಿಂದ ಯಾರೋ ಮೆಲ್ಲಗೆ ತಳ್ಳಿದರು.

ಮೊದಲ ತಿರುವು ಎದ್ದು ಬಂತು. ಮೇಷ್ಟ್ರ ಕೈಗಳು ಹ್ಯಾಂಡಲನ್ನು ಕಾರಿನ ಬಾಗಿಲ ಮೇಲಿನ ಹಿಡಿಕೆಯಂತೆ ಅಪ್ಪಿಕೊಂಡವು. ಬೆರಳು ಸೀಲಿನ ಹತ್ತಿರವೂ ಸುಳಿಯಲಿಲ್ಲ. ಸುಳಿಯುವ ಅಗತ್ಯವೇನು? ಇಷ್ಟು ವರ್ಷ ಅವರ ಪ್ರಾಣ ಕಾಪಾಡಿದ ಕಾಲುಗಳು ಆಗಲೇ ಕೆಲಸಕ್ಕೆ ಇಳಿದಿದ್ದವು. ಬಲಗಾಲು ಬ್ರೇಕು! ಎಡಗಾಲು ಕ್ಲಚ್ಚು!

ಸೈಕಲ್ ನಿಲ್ಲಲಿಲ್ಲ. ಚಂಗನೆ ಮುಂದಕ್ಕೆ ಹಾರಿತು!

ವೇಗ ಹೆಚ್ಚಿತು. ವೇಗ ಹೆಚ್ಚಿದರೆ ಅಪಾಯ ಹೆಚ್ಚು, ಅಪಾಯ ಹೆಚ್ಚಿದರೆ ಬ್ರೇಕು ಹೆಚ್ಚು. ಮೇಷ್ಟ್ರು ಇನ್ನೂ ಜೋರಾಗಿ ಅದುಮಿದರು. ಬಲಗಾಲು, ಎಡಗಾಲು, ಬಲಗಾಲು, ಎಡಗಾಲು! ಲೋಕದಲ್ಲಿ ಇದಕ್ಕೆ ಪೆಡಲ್ ತುಳಿಯುವುದು ಎನ್ನುತ್ತಾರೆ. ಮೇಷ್ಟ್ರ ಪ್ರಕಾರ ಅದು ಬ್ರೇಕು. ಇಳಿಯುವಾಗ ಎಲ್ಲರೂ ಅಷ್ಟಿಷ್ಟು ತಡೆದು ತಡೆದು ಹೋಗುವ ಜಾಗದಲ್ಲಿ ಈ ಮಹಾರಾಯರು ತುಳಿದೂ ತುಳಿದೂ ಹೋಗುತ್ತಿದ್ದರು! ಕಲ್ಲು ಬಂತು, ಸೈಕಲ್ ನುಂಗಿತು. ಗುಂಡಿ ಬಂತು, ನುಂಗಿತು. ಅಂಗಡಿಯಾಕೆ ಹೇಳಿದ್ದು ಸುಳ್ಳಲ್ಲ. ಧೈರ್ಯವೆಲ್ಲ ಸೈಕಲ್ಲಿನದೇ ಆಗಿತ್ತು, ಕೂಗು ಮಾತ್ರ ಮೇಷ್ಟ್ರದು.

ಮುಂದೆ ಹೊರಟಿದ್ದ ಹುಡುಗರು ಒಬ್ಬೊಬ್ಬರಾಗಿ ಹಿಂದೆ ಬಿದ್ದರು. ಅವರ ಪಕ್ಕದಿಂದ ಗಾಳಿಯಂತೆ ಹಾಯುವಾಗಲೂ ಮೇಷ್ಟ್ರು ಪಾಠ ಬಿಡಲಿಲ್ಲ: "ಎಡಕ್ಕೆ ಹೋಗ್ರೋ! ಹಿಂದೆ ನೋಡ್ರೋ! ಕೈ ತೋರಿಸ್ರೋ!"

ಕೊನೆಯ ಉಬ್ಬಿನಿಂದ ಸೈಕಲ್ಲೂ ಸವಾರರೂ ಒಟ್ಟಿಗೇ ಆಕಾಶಕ್ಕೆ ಎದ್ದರು. ಆಕಾಶದಲ್ಲೂ ಕಾಲುಗಳು ಬ್ರೇಕ್ ಹಾಕುತ್ತಲೇ ಇದ್ದವು. ಗೆರೆ ದಾಟಿ ನೇರ ಹುಲ್ಲಿನ ಮೂಟೆಯೊಳಕ್ಕೆ ನುಗ್ಗಿದಾಗ ಹೊರಗೆ ಕಾಣುತ್ತಿದ್ದದ್ದು ಎರಡು ಬೂಟುಗಳು ಮಾತ್ರ. ಅವೂ ತುಳಿಯುತ್ತಿದ್ದವು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ದಿನ ಆ ದಾರಿಯಲ್ಲಿ ಅಷ್ಟು ಬೇಗ ಇಳಿದವರು ಮತ್ತೊಬ್ಬರಿರಲಿಲ್ಲ! ಭಾವಮೈದುನ ಓಡಿಬಂದು ಮೊದಲು ಭಾವನ ಬಾಯಿ ತೆರೆಸಿ ಹಲ್ಲು ನೋಡಿದ. ಆಮೇಲೆ ಸೈಕಲ್ಲಿನ ಸೀಲು ನೋಡಿದ. ಎರಡೂ ಗಟ್ಟಿಯಾಗಿದ್ದವು.

"ಅಕ್ಕಾ," ಎಂದ ಸಣ್ಣ ಧ್ವನಿಯಲ್ಲಿ. "ಭಾವ ಗೆದ್ದುಬಿಟ್ರು."

ಹೆಂಡತಿ ಬಗ್ಗಿ ಆ ಪಟ್ಟಿಗಳನ್ನು ಬೆರಳಿನಿಂದ ಸವರಿದರು. ಇನ್ನು ಮುಂದೆ ಜನ್ಮವಿಡೀ ಅಂಗಡಿಯ ಮೆಟ್ಟಿಲು. "ಏಟಾಗಿಲ್ಲ ತಾನೇ?" ಎಂದಷ್ಟೇ ಕೇಳಿ, ಗಂಡನ ಕೂದಲಿನಿಂದ ಹುಲ್ಲು ಹೆಕ್ಕತೊಡಗಿದರು. ಮೇಷ್ಟ್ರ ಮೀಸೆ ಮಣ್ಣಾಗಿತ್ತು, ಆದರೂ ಮೇಲಕ್ಕೇ ನಿಂತಿತ್ತು.

ಆಗ ಮೈಕು ಹಿಡಿದ ಹುಡುಗಿ ನೆಗೆಯುತ್ತ ಬಂದಳು. "ಸಾರ್! ಸೂಪರ್ ಸಾರ್! ಮೈ ಜುಮ್ಮಂತು! ಒಂದು ಪ್ರಶ್ನೆ, ಅಷ್ಟು ಸ್ಪೀಡಲ್ಲಿ ಇಳಿಯೋವಾಗ ನೀವು ಏನು ಮಾಡ್ತಾ ಇದ್ರಿ?"

ಇನ್ನೂ ಜೀವ ಮರಳಿರದಿದ್ದ ಮೇಷ್ಟ್ರಿಗೆ ರೇಗಿಹೋಯಿತು. ಸಾವಿನ ಬಾಯಿಂದ ಬಂದವನನ್ನು ಕೇಳುವ ಪ್ರಶ್ನೆಯೇ ಇದು? ಮೈಕನ್ನು ಕಸಿದುಕೊಂಡು ಗುಡ್ಡಕ್ಕೆಲ್ಲ ಕೇಳುವಂತೆ ಕಿರುಚಿದರು:

"ಏನು ಮಾಡ್ತಾ ಇದ್ದೆ ಅಂದ್ರೆ? ಬ್ರೇಕ್ ಹಾಕ್ತಾ ಇದ್ದೆ! ಮೇಲಿಂದ ಕೆಳಗಿನ ತನಕ ಬರೀ ಬ್ರೇಕೇ ಹಾಕಿದ್ದೀನಿ! ಹಾಳಾದ್ದು ಹಿಡೀಲೇ ಇಲ್ಲ!"

ಹುಲ್ಲು ಹೆಕ್ಕುತ್ತಿದ್ದ ಕೈ ನಿಂತಿತು. ಆ ಕೈ ಮೆಲ್ಲನೆ ಕೆಳಗಿಳಿದು, ಮೇಷ್ಟ್ರ ಮೂಗಿನೆದುರು ಅಂಗೈ ಅಗಲಿಸಿತು.

"ಕೀ."

"ಸೀಲು ಒಡೆದಿಲ್ಲ ಕಣೇ! ನೋಡು!"

"ಮಾತು ಬ್ರೇಕ್ ಹಾಕೋದರ ಬಗ್ಗೆ ಇತ್ತು, ಹಿಡಿಯೋದರ ಬಗ್ಗೆ ಅಲ್ಲ. ಮೈಕಲ್ಲೇ ಒಪ್ಪಿಕೊಂಡಿದ್ದೀರಿ. ಕೀ ಕೊಡಿ."

ಮನೆಗೆ ವಾಪಸಾಗುವಾಗ ಸ್ಟೀರಿಂಗ್ ಹಿಡಿದಿದ್ದವರು ಹೆಂಡತಿ. ಪಕ್ಕದ ಸೀಟಿನಲ್ಲಿ ಹಲ್ಲಿನ ಡಾಕ್ಟರು, ಕಾಲುಗಳನ್ನು ಸೀಟಿನ ಮೇಲೆಯೇ ಮಡಚಿಟ್ಟುಕೊಂಡು. ಹಿಂದಿನ ಸೀಟಿನಲ್ಲಿ ಮೇಷ್ಟ್ರು. ಕಾರು ಸದ್ದಿಲ್ಲದೆ, ಜರ್ಕಿಲ್ಲದೆ, ಎಣ್ಣೆಯಂತೆ ಸಾಗುತ್ತಿತ್ತು. ಎದುರು ಒಂದು ತಿರುವು ಬಂತು. ಹಿಂದಿನ ಸೀಟಿನ ಕೆಳಗೆ ಧಡ್, ಧಡ್, ಧಡ್ ಎಂದು ಸದ್ದಾಯಿತು.

"ಲೇ, ಕಾರು ಯಾಕೆ ಇಷ್ಟು ಜೋರಾಗಿ ಹೋಗ್ತಿದೆ?"

ಹೆಂಡತಿ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ತಿರುವು ತೆಗೆದುಕೊಂಡು, ಆಮೇಲೆ ಉತ್ತರ ಕೊಟ್ಟರು.

"ನೀವು ಬ್ರೇಕ್ ಹಾಕ್ತಿದ್ದೀರಲ್ಲ, ಅದಕ್ಕೇ."