ಕಾಕಾರ ಕಾರಖಾನೆ: ಪಗಾರವೋ, ಗುತ್ತಿಗೆಯೋ?

ನಮ್ಮ ಕಾಕಾ ಜಿಪುಣರಾಗಿದ್ದರೆ ನಮಗೆಲ್ಲ ಎಷ್ಟೋ ಅನುಕೂಲವಾಗುತ್ತಿತ್ತು. ಜಿಪುಣನಿಗೆ ಒಂದು ತೀರ್ಮಾನವಾದರೂ ಇರುತ್ತದೆ! ಕಾಕಾಗೆ ಅದಿರಲಿಲ್ಲ. ಅಕ್ಕಲಕೋಟೆ ಸೀಮೆಯಲ್ಲಿ, ದುಧನಿ ಹತ್ತಿರದ ಹೊಲವನ್ನು ನಮ್ಮಪ್ಪನಿಗೆ ಬಿಟ್ಟು ಸೊಲ್ಲಾಪುರದಲ್ಲಿ ಸೀರೆಯ ಕೈಮಗ್ಗ ಹಾಕಿದಂದಿನಿಂದ ಅವರನ್ನು ಕಾಡಿದ್ದು ಒಂದೇ ಪ್ರಶ್ನೆ. ನೇಕಾರರನ್ನು ತಿಂಗಳ ಪಗಾರಕ್ಕೆ ಇಟ್ಟುಕೊಳ್ಳಬೇಕೋ, ಸೀರೆಗಿಷ್ಟು ಎಂದು ಗುತ್ತಿಗೆ ಕೊಡಬೇಕೋ?

ಮೊದಲು ಪಗಾರವಿತ್ತು. ನೇಕಾರರು ಪ್ರತಿ ಸೀರೆಯನ್ನೂ ಸ್ವಂತ ಮಗಳ ಮದುವೆಗೆಂಬಂತೆ ನೇಯುತ್ತಿದ್ದರು. ಆದರೆ ಮಗಳು ಇನ್ನೂ ತೊಟ್ಟಿಲಲ್ಲಿದ್ದಾಳೆ ಎಂಬಷ್ಟು ನಿಧಾನ. ಸಂಜೆ ಹತ್ತಿರದ ಗಿರಣಿಯಲ್ಲಿ ಪಾಳಿ ಮುಗಿದ ಭೋಂಗಾ ಕೂಗಿತೋ ಇಲ್ಲವೋ, ಲಾಳಿ ಕೆಳಗಿಟ್ಟು ಏಳುತ್ತಿದ್ದರು.

"ಅದು ಗಿರಣಿ ಭೋಂಗಾ ಅದ್ರೋ! ನಮ್ದಲ್ಲ!" ಎಂದು ಕಾಕಾ ಕೂಗುತ್ತಿದ್ದರು.

"ನಮಗೂ ಕೇಳಸ್ತದಲ್ರಿ, ಮಾಲಕ್ರ," ಎನ್ನುತ್ತಿದ್ದರು ಅವರು, ಚಪ್ಪಲಿ ಮೆಟ್ಟಿಕೊಳ್ಳುತ್ತ.

ಸರಿ, ಗುತ್ತಿಗೆ ಬಂತು. ಮಗ್ಗಗಳು ಊಟಕ್ಕೂ ನಿಲ್ಲದೆ ಬಡಿದುಕೊಂಡವು. ನವಿ ಪೇಠದ ವ್ಯಾಪಾರಿ ಹೊಸ ಸೀರೆಯೊಂದನ್ನು ಬೆಳಕಿಗೆ ಹಿಡಿದ. ಅದರೊಳಗಿಂದಲೇ ಕಾಕಾರ ಮುಖ ಗುರುತಿಸಿ ನಮಸ್ಕಾರ ಮಾಡಿದ. ಮರುತಿಂಗಳು ಮತ್ತೆ ಪಗಾರ!

ಈ ರೋಗ, ನಾನು ಶಾಲೆಗೆಂದು ಬಂದು ಉಳಿದಿದ್ದ ಕಾಕಾರ ಮನೆಗೂ ಹಬ್ಬಿತು. ಸುಣ್ಣ ಬಳಿಯುವುದನ್ನು ಗುತ್ತಿಗೆ ಕೊಟ್ಟರು. ಸುಣ್ಣದವನು ಕಪಾಟಿನ ಸುತ್ತ ಬಳಿದು ಹೋದ. ಕೇಳಿದರೆ, "ಕಪಾಟ ಸರಸೂದು ಗುತ್ತಿಗ್ಯಾಗ ಇಲ್ರಿ," ಎಂದ. ನೂಲಿನ ಗಂಜಿಗೆ ಇಲಿ ಬರುತ್ತಿದ್ದುದರಿಂದ ಒಂದು ಬೆಕ್ಕಿತ್ತು. ಅದಕ್ಕೆ ದಿನಾ ಹಾಲು ಹಾಕಿದರೆ ಪಗಾರವಾಯಿತಲ್ಲ! ಇಲಿ ಹಿಡಿದ ದಿನವಷ್ಟೇ ಹಾಲು ಎಂದು ಕಾಕಾ ಅಪ್ಪಣೆ ಮಾಡಿದರು. ಬೆಕ್ಕು ವಿಚಾರ ಮಾಡಿ ಪಕ್ಕದ ಮನೆಯಲ್ಲಿ ಕಾಯಂ ಆಯಿತು.

"ಮತ್ತ ನಾ ಯಾವದ್ರಾಗ ಬರ್ತೀನ್ರಿ? ಪಗಾರೋ, ಗುತ್ತಿಗಿನೋ?" ಎಂದು ಒಂದು ದಿನ ಕಾಕಿ ರೊಟ್ಟಿ ಬಡಿಯುತ್ತಲೇ ಕೇಳಿದರು.

ಕಾಕಾ ಟೋಪಿ ಹಾಕಿಕೊಂಡು ಕಾರಖಾನೆಗೆ ಹೊರಟುಹೋದರು. ಅಂದು ಅಮಾವಾಸ್ಯೆ, ಕಾರಖಾನೆಗೆ ರಜೆ.

ಕೊನೆಗೆ ಸೀರೆಯ ಬಜಾರು ಬಿದ್ದ ವರ್ಷ ಕಾಕಾ ಜೀವನದಲ್ಲಿ ಮೊದಲ ಸಲ ಗಟ್ಟಿಯಾಗಿ ಒಂದು ತೀರ್ಮಾನ ಮಾಡಿದರು. ಇನ್ನು ಎಲ್ಲರಿಗೂ ಗುತ್ತಿಗೆ, ಬದಲಾವಣೆ ಇಲ್ಲ. ಎಲ್ಲರೂ ಸೈಬಣ್ಣನ ಕಡೆ ನೋಡಿದರು. ಮೊದಲ ಮಗ್ಗ ಹಾಕಿದಾಗ ನಮ್ಮೂರಿನಿಂದ ಕಾಕಾರ ಜೊತೆ ಬಂದ ನೇಕಾರ ಆತ. ಈಗ ಮುದುಕ, ಕಣ್ಣು ಮಂಜಾಗಿ ಎಳೆ ಕಾಣುತ್ತಿರಲಿಲ್ಲ. ಸೀರೆಯ ಲೆಕ್ಕದಲ್ಲಿ ಅವನಿಗೆ ರೊಟ್ಟಿಯೂ ಹುಟ್ಟುವಂತಿರಲಿಲ್ಲ. ಊರಲ್ಲಿ ಕಾಯುವವರೂ ಯಾರೂ ಉಳಿದಿರಲಿಲ್ಲ.

"ನಿನಗ ಪಗಾರನ ಇರ್ಲಿ, ಸೈಬಣ್ಣಾ," ಎಂದರು ಕಾಕಾ.

"ಎಲ್ಲಾರ್ಗೂ ಗುತ್ತಿಗಿ, ನನಗೊಬ್ಬಗ ಪಗಾರ? ಧರ್ಮದ ರೊಟ್ಟಿ ನಾ ತಿನ್ನಂಗಿಲ್ರಿ. ನಾಳಿ ದುಧನಿ ಗಾಡಿ ಹತ್ತತೀನಿ."

ಕಾಕಾ ಟೋಪಿ ತೆಗೆದು ನೋಡಿದರು, ಮತ್ತೆ ಹಾಕಿಕೊಂಡರು. "ಆತು, ನಿನಗೂ ಗುತ್ತಿಗಿ," ಎಂದರು.

"ಏನ್ ಕೆಲಸಾರಿ? ಕಣ್ಣ ಕಾಣಂಗಿಲ್ಲ."

"ದಿನಾ ಮುಂಜಾನಿ ಮನಿಗಿ ಬಂದು ನನಗ ಬೈಬೇಕು. ಈ ಊರಾಗ ಎಲ್ಲಾರೂ ಮಾಲಕ್ರ, ಮಾಲಕ್ರ ಅಂತಾರ. ಬೈಯಾವ್ರ ಒಬ್ರೂ ಇಲ್ಲ."

"ಮುದತಿ ಎಲ್ಲಿತನ್ರಿ?"

"ಇಬ್ಬರೊಳಗ ಒಬ್ಬಾವ ಹೋಗೂತನ."

ಸೈಬಣ್ಣ ಗಂಭೀರವಾಗಿ ವಿಚಾರ ಮಾಡಿದ. "ಹಬ್ಬದ ದಿನಾನೂ ಬೈಬೇಕೇನ್ರಿ?"

"ಹಬ್ಬಕ್ಕ ಸೂಟಿ."

ಸೈಬಣ್ಣ ಗುತ್ತಿಗೆಗೆ ಮೋಸ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು, ಕಾಕಿ ಕೊಟ್ಟ ಚಹಾ ಕುಡಿದು, ನೂಲು ಕೊಂಡ ರೀತಿಗೆ, ಧೋತರ ಉಟ್ಟ ರೀತಿಗೆ ವರ್ಷಗಟ್ಟಲೆ ಬೈದ. ಬೈಯುವಾಗಲೂ "ಮಾಲಕ್ರ" ಎಂದೇ ಬೈಯುತ್ತಿದ್ದ. ಬೈಸಿಕೊಂಡ ಕಾಕಾ ಲವಲವಿಕೆಯಿಂದ ಕಾರಖಾನೆಗೆ ಹೋಗುತ್ತಿದ್ದರು.

ಕಾಕಾನೇ ಮೊದಲು ಹೋದರು. ಮಣ್ಣು ಮಾಡಿ ಬಂದ ಮರುದಿನ ಮುಂಜಾನೆ ಸೈಬಣ್ಣ ಗೋಡೆ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತ.

"ಸೈಬಣ್ಣ ಮಾಮಾ, ಗುತ್ತಿಗಿ ಮುಗೀತಲ್ಲ," ಎಂದರು ಕಾಕಿ.

"ಗೊತ್ತದವ್ವಾ," ಎಂದ. ಆಮೇಲೆ ಕಾಕಾ ಕೂರುತ್ತಿದ್ದ ಖಾಲಿ ಜಾಗದ ಕಡೆ ತಿರುಗಿ ಬೈಯತೊಡಗಿದ. "ಏನ ಅವಸರಿತ್ತೋ ನಿನಗ? ಹೇಳದ ಹೋಗೂದೇನೋ? ಹಿರ್ಯಾಂವ ನಾ ಇದ್ನಲ್ಲೋ, ಹುಚ್ಚಾ!"

ನನಗೆ ಅಳು ತಡೆಯಲಾಗಲಿಲ್ಲ. ಕಾಕಿ ಹೊಸ್ತಿಲಲ್ಲೇ ಕೂತು, ಅವನು ಬೈದು ಮುಗಿಸುವವರೆಗೂ ಕೇಳಿದರು.