ಅಂಕಮ್ಮನವರ ಅರವತ್ನಾಲ್ಕು ಅಕ್ಷರ

ಚಿಕ್ಕಲಸಂದ್ರದ ನಿವೇಶನದಾರರ ಸಹಕಾರ ಸಂಘದಲ್ಲಿ ಕಳೆದ ಆಷಾಢದಿಂದೀಚೆಗೆ ಒಂದೇ ಒಂದು ಕಾಗದವೂ ಕಳೆದುಹೋಗಿಲ್ಲ. ಇದು ಹೇಗೆ ಸಾಧ್ಯವಾಯಿತೆಂದು ವಿವರಿಸಬೇಕು.

ಸದಸ್ಯರ ಪತ್ರಗಳನ್ನು ಭದ್ರವಾಗಿಡಲು ಸಂಘ ಲಿಖಿತಾ ಎಂಬ ಪ್ರೋಗ್ರಾಮರನ್ನು ಕರೆಸಿತು. ಅವಳು ಒಂದು ಕ್ರಿಪ್ಟೋಗ್ರಫಿ ಲೈಬ್ರರಿ ತಂದಳು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ. ಗುಟ್ಟು ಕಾಯುವ ಕೆಲಸಗಳಿಗೆಂದು ಬಲ್ಲವರು ಮೊದಲೇ ಬರೆದಿಟ್ಟ ಪ್ರೋಗ್ರಾಂಗಳ ಕಟ್ಟು. ಅದರಲ್ಲಿ ಏನೇನಿದೆ ಎಂದು ಅವಳು ಕಾರ್ಯದರ್ಶಿ ಜಯಸಿಂಹರಿಗೆ ತಿಳಿಸಿದಳು.

"ಇದು ಎನ್‌ಕ್ರಿಪ್ಷನ್ ಸಾರ್. ಪತ್ರಕ್ಕೆ ಬೀಗ. ಕೀ ಇರೋರು ಮಾತ್ರ ತೆಗೀಬಹುದು."

"ಕೀ ಯಾರ ಹತ್ರ ಇರುತ್ತೆ?"

"ನಿಮ್ಮ ಹತ್ರ."

"ಏನಾದ್ರೂ ಆದ್ರೆ ನನ್ನೇ ಕೇಳ್ತಾರೆ. ಬೇಡ."

"ಡಿಜಿಟಲ್ ಸಹಿ ಇದೆ. ಸಹಿ ಹಾಕಿದೋರು ಆಮೇಲೆ ನಾನಲ್ಲ ಅನ್ನೋಕಾಗಲ್ಲ."

ಜಯಸಿಂಹ ಕನ್ನಡಕ ತೆಗೆದಿಟ್ಟರು. "ಬೇಡವೇ ಬೇಡ."

"ಯಾರೂ ಊಹಿಸೋಕಾಗದ ಸಂಖ್ಯೆ ಕೊಡುತ್ತೆ ಸಾರ್."

"ಕೊಡಲಿ. ಮೂರು ದಿನ ಮುಂಚೆ ನೋಟಿಸ್ ಬೋರ್ಡಿಗೆ ಹಾಕಿ ಕೊಡಲಿ."

"ಕೊನೇದು ಹ್ಯಾಶ್. ಎಷ್ಟು ದೊಡ್ಡ ಫೈಲ್ ಹಾಕಿದ್ರೂ ಹೊರಗೆ ಬರೋದು ಅರವತ್ನಾಲ್ಕೇ ಅಕ್ಷರ. ಫೈಲಲ್ಲಿ ಒಂದು ಚುಕ್ಕೆ ಬದಲಾದ್ರೂ ಗೊತ್ತಾಗುತ್ತೆ. ಆದ್ರೆ ಆ ಅಕ್ಷರದಿಂದ ಫೈಲ್ ವಾಪಸ್ ಬರಲ್ಲ."

"ಯಾವತ್ತೂ ಬರಲ್ವಾ?"

"ಇಲ್ಲ ಸಾರ್."

"ಇದೇ ಕಣಮ್ಮ, ಆಫೀಸಿಗೆ ಬೇಕಾಗಿದ್ದು!"

ಅಂದೇ ಸುತ್ತೋಲೆ ಹೊರಟಿತು: "ಸಮಸ್ತ ಕಡತಗಳನ್ನು ಹ್ಯಾಶ್ ಮಾಡತಕ್ಕದ್ದು. ಮೂಲಪ್ರತಿಗಳು ಜಾಗ ಹಿಡಿಯುವುದರಿಂದ ಅವನ್ನು ಗುಜರಿಗೆ ವಿಲೇವಾರಿ ಮಾಡತಕ್ಕದ್ದು." ಹೀಗೆ ಮಾಡಬಾರದೆಂದು ಲಿಖಿತಾ ಮೂರು ಪುಟ ಬರೆದುಕೊಟ್ಟಳು. ಅದನ್ನೂ ಹ್ಯಾಶ್ ಮಾಡಿ ಸ್ವೀಕರಿಸಲಾಯಿತು.

ಸೋಮವಾರ ಅಂಕಮ್ಮ ಬಂದರು. ಕತ್ರಿಗುಪ್ಪೆಯಲ್ಲಿ ಇಪ್ಪತ್ತು ವರ್ಷ ಹೂ ಕಟ್ಟಿ ಮಾರಿ ಸೈಟು ಮಾಡಿಕೊಂಡವರು. ಮನೆಯಲ್ಲಿ ಇಲಿ ಕಾಟವೆಂದು ಹಕ್ಕುಪತ್ರವನ್ನು ಸಂಘದಲ್ಲೇ ಇಟ್ಟಿದ್ದರು.

"ನನ್ ಪತ್ರ ಕೊಡಿ ಸಾರ್. ನಾಳೆ ನೀರಿನ ಆಫೀಸಲ್ಲಿ ತೋರಿಸ್ದಿದ್ರೆ ನಲ್ಲಿ ಪಟ್ಟಿಯಿಂದ ಹೆಸ್ರು ತೆಗೀತಾರಂತೆ."

ಜಯಸಿಂಹ ಅರವತ್ನಾಲ್ಕು ಅಕ್ಷರವಿದ್ದ ಒಂದು ಹಾಳೆ ಕೊಟ್ಟರು.

"ಇದ್ರಲ್ಲಿ ನನ್ ಹೆಸ್ರೇ ಇಲ್ವಲ್ಲ?"

"ಇದೆಯಮ್ಮ. ಯಾರಿಗೂ ಕಾಣಲ್ಲ, ಅಷ್ಟು ಭದ್ರ. ಅನುಮಾನ ಇದ್ರೆ ಮೂಲಪತ್ರ ತನ್ನಿ, ತಾಳೆ ನೋಡ್ತೀವಿ."

"ಅದು ನಿಮ್ ಹತ್ರಾನೇ ಇತ್ತಲ್ಲ ಸಾರ್!"

"ಇತ್ತು ಅನ್ನೋದಕ್ಕೇ ಇದು ಸಾಕ್ಷಿ."

ತಡೆಯಲಾರದೆ ಲಿಖಿತಾ ಮರುದಿನ ಅಂಕಮ್ಮನ ಜೊತೆ ನೀರಿನ ಕಚೇರಿಗೆ ಹೋದಳು. ನಡೆದದ್ದನ್ನೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿನ ಗುಮಾಸ್ತ ಕರೆಪ್ಪ ಬೆರಳಿಟ್ಟು ಅಕ್ಷರಗಳನ್ನು ಎಣಿಸಿ ಮುಗಿಸಿದ್ದ. "ಅರವತ್ನಾಲ್ಕು. ಕರೆಕ್ಟಾಗಿದೆ," ಎಂದು ಮೊಹರು ಒತ್ತಿದ. ಸಂಘವನ್ನು ನೋಡಿ ಆ ಕಚೇರಿಯೂ ಇದೇ ಪದ್ಧತಿಗೆ ಬಂದಿತ್ತು.

ವಾರದೊಳಗೆ ನಲ್ಲಿ ಕೂತಿತು. ದಿನ ಬಿಟ್ಟು ದಿನ, ಬೆಳಿಗ್ಗೆ ಆರಕ್ಕೆ, ಬಿಟ್ಟ ನೀರಿನ ಹ್ಯಾಶ್ ಅಂಕಮ್ಮನ ಮೊಬೈಲಿಗೆ ಬರತೊಡಗಿತು.

ಲಿಖಿತಾ ಒಮ್ಮೆ ನೋಡಲು ಹೋದಾಗ ಅಂಕಮ್ಮ ಖಾಲಿ ಕೊಡದ ಮೇಲೆ ಮೊಬೈಲಿಟ್ಟುಕೊಂಡು ಪಕ್ಕದ ಮನೆಗೆ ಕೂಗುತ್ತಿದ್ದರು.

"ಲತಾಮಣೀ, ನಿಂಗ್ ಬಂತಾ?"

"ಅರವತ್ಮೂರೇ ಬಂದಿರೋದು ಅಕ್ಕ!"

"ಪ್ರೆಶರ್ ಕಮ್ಮಿ ಕಣೇ," ಎಂದರು ಅಂಕಮ್ಮ.